ಶುಕ್ರವಾರದ ಪಾಳಿ

ಡಯಾಲಿಸಿಸ್‌ನಲ್ಲಿ ಎರಡು ಗುಂಪು. ಸೋಮವಾರ, ಬುಧವಾರ, ಶುಕ್ರವಾರ ಬರುವವರು ಒಂದು. ಮಂಗಳವಾರ, ಗುರುವಾರ, ಶನಿವಾರದವರು ಇನ್ನೊಂದು. ನಮ್ಮ ಯಜಮಾನರಿಗೆ ಸಿಕ್ಕಿದ್ದು ಮೊದಲನೆಯದು. ಖಾಲಿ ಇದ್ದದ್ದೇ ಅದೊಂದು, ಆರಿಸಿಕೊಳ್ಳುವ ಮಾತೇ ಬರಲಿಲ್ಲ. ಸೀಟು ಸಿಕ್ಕಿತಲ್ಲ ಅಂತ ಸಮಾಧಾನ ಮಾಡಿಕೊಂಡು ಮನೆಗೆ ಬಂದೆವು. ಗೋಡೆಯ ಕ್ಯಾಲೆಂಡರ್ ನೋಡಿ ಅವರೇ ಹೇಳಿದರು, "ಇನ್ಮೇಲೆ ಗುಡ್ ಫ್ರೈಡೇ ಪ್ರತಿ ವರ್ಷ ಮೆಷಿನ್ ಪಕ್ಕದಲ್ಲೇ ಕಣೇ."

ನಮ್ಮದು ಮೈಸೂರಿನ ಮಂಡಿ ಮೊಹಲ್ಲಾ. ಒಂದು ಸಣ್ಣ ಬೈಂಡಿಂಗ್ ಅಂಗಡಿ ಇದೆ. ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ವ್ಯಾಪಾರಿಗಳ ಲೆಕ್ಕದ ಪುಸ್ತಕ, ಬೆನ್ನು ಕಿತ್ತುಹೋದ ಹಳೇ ಸತ್ಯವೇದ (ಬೈಬಲ್), ಹಾಡಿನ ಪುಸ್ತಕ ಎಲ್ಲ ಬರುತ್ತವೆ. ಕನ್ನಡದಲ್ಲಿ ಪೂರ್ತಿ ಸತ್ಯವೇದ ಮೊದಲು ಅಚ್ಚಾಗಿದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಜಾನ್ ಹ್ಯಾಂಡ್ಸ್ ಅನ್ನುವ ಪಾದ್ರಿ ಅದಕ್ಕೆ ಸುಮಾರು ಇಪ್ಪತ್ತು ವರ್ಷ ಕೂತಿದ್ದರಂತೆ. ಯಾರಾದರೂ ಸತ್ಯವೇದ ರಿಪೇರಿಗೆ ತಂದು "ನಾಳೆ ಕೊಡ್ತೀರಾ?" ಅಂದರೆ ನಮ್ಮವರು ಈ ಕಥೆ ಹೇಳಿ ಒಂದು ವಾರ ಟೈಮ್ ತಗೊಳ್ಳುತ್ತಿದ್ದರು.

ಅವರಿಗೆ ಶುಗರ್ ಇದ್ದದ್ದು ಬಹಳ ವರ್ಷದಿಂದ. ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆದ ಮೇಲೆ ಡಾಕ್ಟರು ಎರಡೂ ಕಿಡ್ನಿ ಸುರುಟಿಹೋಗಿವೆ ಅಂದರು. ಮೊದಲು ಕುತ್ತಿಗೆಗೆ ಪೈಪು ಹಾಕಿ ಶುರು ಮಾಡಿದರು. ಆಮೇಲೆ ಡಯಾಲಿಸಿಸ್ ಸೂಜಿ ಚುಚ್ಚಲು ಎಡಗೈಯಲ್ಲಿ ಫಿಸ್ಟುಲಾ ಆಪರೇಷನ್. ರಕ್ತ ತರುವ ನಾಳ, ಒಯ್ಯುವ ನಾಳ ಎರಡನ್ನೂ ಮುಂಗೈಯಲ್ಲಿ ಸೇರಿಸಿ ಹೊಲಿಯುತ್ತಾರೆ. ಅದು ಬಲಿತು ದಪ್ಪವಾಗಲು ವಾರಗಟ್ಟಲೆ ಬೇಕು. ಅಲ್ಲಿವರೆಗೂ ಒಂದು ಮೆತ್ತನೆಯ ಚೆಂಡು ಹಿಸುಕುತ್ತಾ ಕೂರಬೇಕು. ಬಲಿತ ಮೇಲೆ ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಗೂಡು ಇಟ್ಟ ಹಾಗೆ ಗುಂಯ್ ಅನ್ನುತ್ತೆ. ಅದು ನಿಂತರೆ ಫಿಸ್ಟುಲಾ ಮುಚ್ಚಿಹೋಗಿದೆ ಅಂತ ಅರ್ಥ, ಆಸ್ಪತ್ರೆಗೆ ಓಡಬೇಕು. ದಿನಾ ಬೆಳಿಗ್ಗೆ ಎದ್ದ ಕೂಡಲೇ ನಾನು ಮುಟ್ಟಿ ನೋಡುತ್ತೇನೆ. ನನ್ನ ಬೆಳಗಿನ ಪ್ರಾರ್ಥನೆ ಈಗ ಹಾಗೇ ಶುರುವಾಗುವುದು, ಕೈ ಮುಗಿದಲ್ಲ, ಅವರ ಕೈ ಹಿಡಿದು.

ಆ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ. ಬಿಪಿ ನೋಡಿಸುವ ಹಾಗಿಲ್ಲ, ಡಯಾಲಿಸಿಸ್ ಬಿಟ್ಟು ಬೇರೆ ಸೂಜಿ ಚುಚ್ಚಿಸುವ ಹಾಗಿಲ್ಲ, ಅದರ ಮೇಲೆ ತಲೆಯಿಟ್ಟು ಮಲಗುವ ಹಾಗೂ ಇಲ್ಲ. ಕಾಗದದ ಬಂಡಲ್ ಎತ್ತದೆ ಬೈಂಡಿಂಗ್ ಮಾಡುವುದು ಹೇಗೆ? ಫಾರಂ ಅಂದರೆ ಮಡಿಸಿದ ಹಾಳೆಗಳ ಕಟ್ಟು ಹೊಲಿಯುವುದು, ಮೈದಾ ಅಂಟು ಕಾಯಿಸಿ ಹುಳ ಬೀಳದಂತೆ ಮೈಲುತುತ್ತ ಹಾಕುವುದು, ರಟ್ಟು ಕತ್ತರಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಅವರು ಸ್ಟೂಲ್ ಮೇಲೆ ಕೂತು ತಪ್ಪು ಹುಡುಕುತ್ತಾರೆ.

ಮೊದಲ ದಿನಗಳಲ್ಲಿ ನಮ್ಮ ಪ್ರಾರ್ಥನೆ ಒಂದೇ. ಕ್ರಿಯಾಟಿನಿನ್ ಇಳೀಲಿ ಸ್ವಾಮಿ. ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕಸ ಅದು. ನಮ್ಮ ಚರ್ಚಿನ ಸಭೆಯವರೂ ಅದನ್ನೇ ಬೇಡಿದರು. ಉಪವಾಸ ಪ್ರಾರ್ಥನೆ ಇಟ್ಟರು. ಸ್ತ್ರೀಯರ ಕೂಟದವರು ಗುಂಪಾಗಿ ಬಂದು ಹಾಡಿದರು. ಬಂದವರೆಲ್ಲ ಸತ್ಯವೇದದ 23ನೇ ಕೀರ್ತನೆ ಇಲ್ಲವೇ 91ನೇ ಕೀರ್ತನೆ ಓದುವರು. ಹೊರಡುವಾಗ ಬಾಗಿಲಲ್ಲಿ ನಿಂತು, "ನಂಬಿಕೆ ಬಿಡಬೇಡಿ ಸಿಸ್ಟರ್, ದೇವರು ಅದ್ಭುತ ಮಾಡ್ತಾನೆ" ಅನ್ನುವರು. ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೆ ಡಯಾಲಿಸಿಸ್ ಕಿಡ್ನಿಯನ್ನು ವಾಸಿ ಮಾಡಲ್ಲ. ಕಿಡ್ನಿ ಮಾಡಬೇಕಾದ ಕೆಲಸದಲ್ಲಿ ಒಂದಿಷ್ಟನ್ನು ಹೊರಗಿನಿಂದ ಮಾಡಿಕೊಡುತ್ತೆ, ಅಷ್ಟೇ. ನಾಡಿದ್ದು ಮತ್ತೆ ಹೋಗಬೇಕು. ಅದ್ಭುತ ಆಗದೇ ಇರುವ ಒಂದೊಂದು ವಾರವೂ ಅವರ ಕಣ್ಣಿಗೆ ನಮ್ಮ ನಂಬಿಕೆಯ ಕೊರತೆಯಾಗಿ ಕಾಣುತ್ತಿತ್ತೋ ಏನೋ. ಕಡೆಕಡೆಗೆ ಯಾರಾದರೂ ಗೇಟು ತೆಗೆದ ಸದ್ದಾದರೆ ನಮ್ಮವರು ಒಳಗೆ ಹೋಗಿ ಮಲಗಿಬಿಡುವರು.

ಒಮ್ಮೆ ಪರಿಚಯದವರು ಹೊರಗಿನ ಒಬ್ಬ ಬೋಧಕರನ್ನು ಕರೆದುಕೊಂಡು ಬಂದರು. ಅವರು ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದರು. ಆಮೇಲೆ, "ಬ್ರದರ್, ಒಂದು ಹೆಜ್ಜೆ ನೀವೂ ಇಡಬೇಕು. ಮೆಷಿನ್ ಮೇಲೆ ಭರವಸೆ ಇಟ್ಟರೆ ದೇವರು ಹೇಗೆ ಕೆಲಸ ಮಾಡ್ತಾನೆ? ಈ ವಾರ ಹೋಗಬೇಡಿ" ಅಂದರು.

ನನಗೆ ಮೈಯೆಲ್ಲ ಬಿಸಿಯಾಯಿತು. ಡಯಾಲಿಸಿಸ್ ಬಿಟ್ಟರೆ ಏನಾಗುತ್ತೆ ಅಂತ ಅಷ್ಟು ಹೊತ್ತಿಗೆ ನಮಗೆ ಚೆನ್ನಾಗಿ ಗೊತ್ತಿತ್ತು. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲುತ್ತೆ. ನೀರು ಶ್ವಾಸಕೋಶಕ್ಕೆ ತುಂಬುತ್ತೆ. ಇದು ದಿನಗಳ ಮಾತು, ತಿಂಗಳುಗಳದ್ದಲ್ಲ. ನಾನು ಬಾಯಿ ತೆಗೆಯುವ ಮೊದಲು ನಮ್ಮವರೇ ಮಾತಾಡಿದರು. ದನಿ ಏರಿಸಲಿಲ್ಲ.

"ಅಯ್ಯನವರೇ, ಸತ್ಯವೇದದಲ್ಲಿ ಹಿಜ್ಕೀಯ ರಾಜನಿಗೆ ದೇವರು ಹದಿನೈದು ವರ್ಷ ಆಯಸ್ಸು ಕೊಟ್ಟನಲ್ಲ, ಆವಾಗ ಪ್ರವಾದಿ ಯೆಶಾಯ ಹುಣ್ಣಿನ ಮೇಲೆ ಅಂಜೂರದ ಉಂಡೆ ಇಡಿ ಅಂದ. ಅಂಜೂರ ಯಾಕೆ ಬೇಕಿತ್ತು? ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. ಕೈಯಿಟ್ಟು ವಾಸಿ ಮಾಡ್ತೀನಿ ಬಾ ಅನ್ನಲಿಲ್ಲ. ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆ ಇರೋ ಹಾಗೇ ಬಿಟ್ಟು ಬಂದೆ ಅಂತಲೂ ಬರೆದಿದ್ದಾನೆ. ಪೌಲನಿಗೆ ನಂಬಿಕೆ ಕಮ್ಮಿ ಇತ್ತಾ?"

ಬೋಧಕರು ಕಾಫಿ ಕುಡಿದು ಹೊರಟರು. ನಮ್ಮವರು ಶುಕ್ರವಾರ ಎಂದಿನಂತೆ ಡಯಾಲಿಸಿಸ್‌ಗೆ ಹೋದರು. ಆ ಸಿಟ್ಟು ಒಳ್ಳೇದೇ ಮಾಡಿತು ಅಂತ ನನ್ನ ಅನಿಸಿಕೆ. ಬಹಳ ದಿನದಿಂದ ಮುಟ್ಟದೇ ಇದ್ದ ಸತ್ಯವೇದವನ್ನು ಅವರು ಮತ್ತೆ ತೆಗೆದದ್ದು ಆವಾಗಲೇ, ಇನ್ನೂ ಯಾರ್ಯಾರು ಕಾಯಿಲೆಯವರು ಇದ್ದಾರೆ ಅಂತ ಹುಡುಕಲು.

ಅದರ ಹಿಂದೆಯೇ ನಮ್ಮ ಸಭೆಯ ಪಾದ್ರಿ ಅಯ್ಯನವರು ಬಂದರು. ವಯಸ್ಸು ಚಿಕ್ಕದು, ಮಾತು ಕಡಿಮೆ. ಕೂತು, ಕನ್ನಡಕ ಒರೆಸಿಕೊಂಡು, 88ನೇ ಕೀರ್ತನೆ ಓದಿದರು. ಅದನ್ನು ಯಾರೂ ರೋಗಿಗಳ ಮನೆಯಲ್ಲಿ ಓದಲ್ಲ. ಉಳಿದ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಹಗಲೂ ರಾತ್ರಿಯೂ ಕೂಗಿದೆ, ನೀನು ಮುಖ ಮರೆಸಿಕೊಂಡೆ, ಗೆಳೆಯರನ್ನೂ ದೂರ ಮಾಡಿದೆ, ಅಂದು ಕತ್ತಲೆಯಲ್ಲೇ ಮುಗಿಯುತ್ತೆ. ಓದಿ ಪುಸ್ತಕ ಮುಚ್ಚಿ ಅಯ್ಯನವರು ಹೇಳಿದ್ದು ಇಷ್ಟೇ: "ಇದನ್ನೂ ದೇವಾಲಯದಲ್ಲಿ ಹಾಡ್ತಿದ್ದರು ಅಂಕಲ್. ಯಾರೂ ಕಿತ್ತು ಹಾಕಲಿಲ್ಲ."

ಅವತ್ತು ರಾತ್ರಿ ನಮ್ಮವರು ದೇವರಿಗೆ ಬೈದರು. ನಾನು ಅಡುಗೆಮನೆಯಲ್ಲಿದ್ದೆ. ಲೆಕ್ಕದ ಪುಸ್ತಕ ತಂದವನ ಹತ್ತಿರ ಬಾಕಿ ಕೇಳುವ ದನಿಯಲ್ಲೇ ಕೇಳುತ್ತಿದ್ದರು. ಇಷ್ಟು ವರ್ಷ ನಿನ್ನ ಪುಸ್ತಕ ಹೊಲಿದೆನಲ್ಲ, ಕೈಯನ್ನೇ ಕಿತ್ತುಕೊಂಡೆಯಲ್ಲ, ಅಂತ. ನಾನು ತಡೆಯಲು ಹೋಗಲಿಲ್ಲ. ಅವರು ಹಾಗೆ ಬಾಯಿಬಿಟ್ಟು ಪ್ರಾರ್ಥಿಸಿ ಬಹಳ ಕಾಲವಾಗಿತ್ತು.

ಡಯಾಲಿಸಿಸ್ ಕೋಣೆಯಲ್ಲಿ ಪಕ್ಕದ ಬೆಡ್‌ಗೆ ಪಾಂಡವಪುರದ ಕಡೆಯ ಒಬ್ಬ ಕಬ್ಬಿನ ರೈತರು ಬರುತ್ತಿದ್ದರು. ಮಾದಪ್ಪನ ಒಕ್ಕಲು. ಬೆಳಗಿನ ಮೊದಲ ಬಸ್ಸು ಹಿಡಿದು ಬರುವರು. ಬಂದ ಕೂಡಲೇ ತೂಕ ನೋಡುತ್ತಾರೆ. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕಕ್ಕೆ ಡ್ರೈ ವೇಟ್ ಅನ್ನುತ್ತಾರೆ. ಡ್ರೈ ವೇಟ್‌ಗಿಂತ ಎಷ್ಟು ಜಾಸ್ತಿ ಇದೆಯೋ ಅಷ್ಟು ನೀರನ್ನು ಮೆಷಿನ್ ತೆಗೆಯಬೇಕು. ಇವರದು ಯಾವಾಗಲೂ ಜಾಸ್ತಿ. ನರ್ಸ್ ಗದರಿಸಿದರೆ, "ಏನ್ ಮಾಡ್ಲವ್ವ, ತ್ವಾಟದಲ್ಲಿ ಎಳನೀರು ಕೂಗ್ತದೆ" ಅನ್ನುವರು. ಎಳನೀರು ಈ ಕಾಯಿಲೆಯವರಿಗೆ ವಿಷ, ಅದರಲ್ಲಿ ಪೊಟ್ಯಾಸಿಯಂ ಅಷ್ಟಿದೆ. ಬಾಳೆಹಣ್ಣೂ ಅಷ್ಟೇ. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಎಳನೀರು, ಬಾಳೆಹಣ್ಣು ಎರಡನ್ನೂ ಬಿಡು ಅಂದರೆ ಇನ್ನು ತಿನ್ನುವುದೇನು ಅಂತ ಅವರ ವಾದ.

ನಾಲ್ಕು ಗಂಟೆ ಕೈ ಅಲ್ಲಾಡಿಸದೆ ಮಲಗಬೇಕಲ್ಲ, ಇಬ್ಬರಿಗೂ ಮಾತು ಬೆಳೆಯಿತು. ಒಂದು ದಿನ ಅವರು ಕೇಳಿಯೇಬಿಟ್ಟರು. "ಸಾ, ನಾನು ಬೆಟ್ಟಕ್ಕೆ ಹರಕೆ ಹೊತ್ತಿವ್ನಿ, ವಾಸಿ ಆದ್ರೆ ತೀರುಸ್ತೀನಿ, ಆಗ್ದಿದ್ರೆ ಇಲ್ಲ. ನೀವು ವಾಸಿ ಆಗ್ದಿದ್ರೂ ಆ ಬುಕ್ ಓದ್ತೀರಲ್ಲ, ಯಾಕೆ?"

ನಮ್ಮವರು ಬಹಳ ಹೊತ್ತು ಮೇಲಿನ ಫ್ಯಾನ್ ನೋಡುತ್ತಿದ್ದರು. ಆಮೇಲೆ, "ಗೊತ್ತಿಲ್ಲ ಗೌಡ್ರೇ. ಜಗಳ ಆಡಕ್ಕಾದ್ರೂ ಒಬ್ಬರು ಬೇಕಲ್ವಾ" ಅಂದರು. ಗೌಡರು ನಕ್ಕ ನಗುವಿಗೆ ಮೆಷಿನ್ ಕಿರುಚಿಕೊಂಡು ನರ್ಸ್ ಓಡಿ ಬಂದಳು. ಕೈ ಅಲ್ಲಾಡಿ ಸೂಜಿ ಸರಿದರೆ ಅಲಾರಂ ಹೊಡೆಯುತ್ತೆ.

ಒಂದು ಬುಧವಾರ ಹೋದಾಗ ಆ ಬೆಡ್ ಮೇಲೆ ಬೇರೆ ಯಾರೋ ಹುಡುಗ ಮಲಗಿದ್ದ. ರಕ್ತ ಸೋಸುವ ಹೊಸ ಡಯಲೈಸರ್, ಹೊಸ ಹೆಸರು ಬರೆದ ಡಬ್ಬಿ. ಯಾರೂ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಡಯಾಲಿಸಿಸ್ ಕೋಣೆಯಲ್ಲಿ ಸಾವಿನ ಸುದ್ದಿ ಹಾಗೇ ತಿಳಿಯುವುದು.

ತಿಥಿಗೆ ಪಾಂಡವಪುರಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ನಮ್ಮವರು ಶ್ರೀರಂಗಪಟ್ಟಣದಲ್ಲಿ ಗಾಡಿ ತಿರುಗಿಸಿ ಅಂದರು. ಗಂಜಾಂನಲ್ಲಿ ನಿಮಿಷಾಂಬ ದೇವಸ್ಥಾನಕ್ಕೆ ಹೋಗುವ ಜನವೇ ಜಾಸ್ತಿ. ಅಲ್ಲೇ ಒಂದು ಹಳೇ ಕ್ಯಾಥೊಲಿಕ್ ಚರ್ಚಿದೆ, ಅಬ್ಬೆ ಡುಬಾಯ್ ಕಟ್ಟಿಸಿದ್ದು. ಫ್ರಾನ್ಸಿನ ಪಾದ್ರಿಗಳು, 1792ರಲ್ಲಿ ಈ ದೇಶಕ್ಕೆ ಬಂದವರು. 1799ರ ಯುದ್ಧ ಮುಗಿದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ನೋಡಿಕೊಳ್ಳಲು ಶ್ರೀರಂಗಪಟ್ಟಣಕ್ಕೆ ಬಂದರು. ಜನ ದೊಡ್ಡ ಸ್ವಾಮಿಯವರು ಅಂತ ಕರೆದರು. ಸಿಡುಬಿನ ಲಸಿಕೆ ಹೊಸದಾಗಿ ಬಂದಿದ್ದ ಕಾಲ, ಇಲ್ಲಿನ ಹಳ್ಳಿಗಳಲ್ಲಿ ಸಾವಿರಾರು ಜನಕ್ಕೆ ಹಾಕಿಸಿದರು. ಹಾಸನದ ಕಡೆ ಸತ್ತಿಹಳ್ಳಿಯಲ್ಲಿ ರೈತರಿಗೆ ನೆಲೆ ಮಾಡಿಕೊಟ್ಟರು. ಇಷ್ಟೆಲ್ಲ ಮಾಡಿ, 1823ರಲ್ಲಿ ವಾಪಸ್ ಹೋಗುವಾಗ ಅವರಿಗೆ ತಮ್ಮ ಕೆಲಸದ ಮೇಲೇ ಭರವಸೆ ಉಳಿದಿರಲಿಲ್ಲ. ಈ ದೇಶದಲ್ಲಿ ಕ್ರೈಸ್ತ ಮಿಷನ್ ಕೆಲಸ ಫಲ ಕೊಡುವುದಿಲ್ಲ ಅಂತ ಬರೆದೇ ಬರೆದರು. ಪ್ಯಾರಿಸ್‌ನಲ್ಲಿ 1848ರವರೆಗೂ ಬದುಕಿದ್ದರು, ತಿರುಗಿ ಬರಲಿಲ್ಲ.

ನಾವು ಹೋದಾಗ ಒಳಗೆ ಮೂರ್ನಾಲ್ಕು ಹೆಂಗಸರು ಜಪಸರ ಹಿಡಿದು ಕೂತಿದ್ದರು. ನಮ್ಮವರು ಹಿಂದಿನ ಬೆಂಚಿನಲ್ಲಿ ಕೂತು, "ಆ ಮನುಷ್ಯ ಸೋತೆ ಅಂದ್ಕೊಂಡೇ ಹೋದ ನೋಡು" ಅಂದರು. ಅವರ ದನಿಯಲ್ಲಿ ಏನೋ ಹಗುರಾಗಿತ್ತು. ಗಂಜಾಂ ಅಂಜೂರಕ್ಕೆ ಹೆಸರುವಾಸಿ. ಹಿಜ್ಕೀಯನ ನೆನಪಿಗೆ ಒಂದು ತಿನ್ನಲಾ ಅಂತ ಕೇಳಿದರು. ಅಂಜೂರವೂ ನಮ್ಮ ಬೇಡದ ಪಟ್ಟಿಯಲ್ಲಿದೆ. ಕೊಡಿಸಲಿಲ್ಲ.

ಈಸ್ಟರ್ ಮುಂಚಿನ ಉಪವಾಸದ ದಿನಗಳಾದ ಮುಂದಿನ ಲೆಂಟ್‌ನಲ್ಲಿ ಅಯ್ಯನವರು ಒಂದು ಕೇಳಿಕೆ ತಂದರು. ಶುಭ ಶುಕ್ರವಾರ ನಮ್ಮ ಸಭೆಯಲ್ಲಿ ಹನ್ನೆರಡರಿಂದ ಮೂರರವರೆಗೆ ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಒಂದೊಂದು ಮಾತಿನ ಮೇಲೆ ಒಬ್ಬೊಬ್ಬರು ಮಾತಾಡುತ್ತಾರೆ. ಐದನೇ ಮಾತು ನೀವು ಹೇಳಿ ಅಂಕಲ್ ಅಂದರು. ಐದನೇ ಮಾತು, 'ನನಗೆ ನೀರಡಿಕೆಯಾಗಿದೆ'. ನಾನು ಅಯ್ಯನವರ ಮುಖ ನೋಡಿದೆ. ಬೇಕೂ ಅಂತಲೇ ಕೊಟ್ಟಿದ್ದಾರೆ.

ಶುಕ್ರವಾರವಲ್ಲವೇ, ಡಯಾಲಿಸಿಸ್ ಇದೆ. ನರ್ಸ್‌ಗೆ ಹೇಳಿ ಬೆಳಿಗ್ಗೆ ಆರಕ್ಕೇ ಕೂರಿಸಲು ಒಪ್ಪಿಸಿದೆವು. ಅವತ್ತು ನೀರು ಜಾಸ್ತಿ ತೆಗೆದು ಕಾಲಿಗೆ ಸೆಡೆತ ಬಂತು, ಬಿಪಿ ಇಳಿಯಿತು. ಕಾಲು ಎತ್ತಿ ಹಿಡಿದು ಸಲೈನ್ ಬಿಟ್ಟರು. ಹೋಗೋದು ಬೇಡ ಅಂದೆ. "ಸುಮ್ನಿರು" ಅಂದರು. ಆಟೋದಲ್ಲಿ ಚರ್ಚ್‌ಗೆ ಬಂದಾಗ ಮೂರನೇ ಮಾತು ನಡೆಯುತ್ತಿತ್ತು. ಕೈಗೆ ಹಾಕಿದ್ದ ಪಟ್ಟಿಯ ಮೇಲೆ ರಕ್ತದ ಚುಕ್ಕೆ ಇನ್ನೂ ಹಸಿಯಾಗಿತ್ತು.

ಪೀಠದ ಹತ್ತಿರ ನಿಲ್ಲಲು ಆಗಲಿಲ್ಲ. ಕುರ್ಚಿ ಹಾಕಿಕೊಟ್ಟರು. ಚೀಟಿ ಬರೆದುಕೊಂಡಿರಲಿಲ್ಲ.

"ಒಂದು ಸಲ ಮೆಷಿನ್‌ಗೆ ಹಾಕಿದರೆ ನನ್ನ ರಕ್ತದ ಪಕ್ಕದಲ್ಲೇ ಸುಮಾರು 120 ಲೀಟರ್ ನೀರು ಹರಿದು ಹೋಗುತ್ತೆ" ಅಂತ ಶುರು ಮಾಡಿದರು. "ನನಗೆ ಕುಡಿಯಕ್ಕೆ ಇಡೀ ದಿನಕ್ಕೆ ಮೂರು ಲೋಟ. ಮಾತ್ರೆ ನುಂಗೋ ನೀರು, ಕಾಫಿ, ಸಾರು ಎಲ್ಲ ಅದರಲ್ಲೇ. ಏಪ್ರಿಲ್ ಬಿಸಿಲಲ್ಲಿ ಬಾಯಿಗೆ ನೀರು ಹಾಕಿ ಮುಕ್ಕಳಿಸಿ ಉಗಿಯೋದು. ಏಲಕ್ಕಿ ಚೀಪೋದು. ನನ್ನ ಹೆಂಡತಿ ಐಸ್ ತುಂಡು ಎಣಿಸಿ ಕೊಡ್ತಾಳೆ. ರಾತ್ರಿ ನಲ್ಲಿ ಸದ್ದು ಕೇಳಿದರೆ ಎದ್ದು ಕೂರ್ತೀನಿ. ಯೇಸುಸ್ವಾಮಿ ಈ ಮಾತು ಅಂದಾಗ ಅದಕ್ಕೆ ದೊಡ್ಡ ಅರ್ಥ ಇದೆ ಅಂತ ಚಿಕ್ಕವನಿಂದ ಕೇಳಿದೀನಿ. ಆತ್ಮಗಳ ದಾಹ ಅದು ಇದು ಅಂತ. ಇರಬಹುದು. ನನಗೆ ಈಗ ಅನ್ಸೋದು, ಅವರಿಗೆ ನಿಜವಾಗ್ಲೂ ಬಾಯಾರಿತ್ತು."

ಹಿಂದೆ ಯಾರೋ ಕೆಮ್ಮಿದರು. ಅವರು ಸ್ವಲ್ಪ ಉಸಿರು ತಗೊಂಡು ಮುಂದುವರಿಸಿದರು. "ಇನ್ನೊಂದು. ಅವರು ಕೇಳಿದರು. ಶಿಲುಬೆಗೆ ಹಾಕಿದವರ ಎದುರಿಗೇ ಬಾಯಿಬಿಟ್ಟು ಕೇಳಿದರು. ಸಮಾರ್ಯದ ಬಾವಿ ಹತ್ರಾನೂ ಗುರುತಿಲ್ಲದ ಹೆಂಗಸಿನ ಹತ್ರ ನೀರು ಕೇಳಿದ್ದರು. ನಾನು ನಿಮ್ಮ ಹತ್ರ ಏನೂ ಕೇಳಲಿಲ್ಲ. ನೀವು ಬಂದಾಗ ಹೋಗಿ ಮಲಗ್ತಿದ್ದೆ. ಈಗ ಕೇಳ್ತೀನಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ನನ್ನನ್ನು ಕರ್ಕೊಂಡು ಹೋಗಕ್ಕೆ ಯಾರಾದ್ರೂ ಬೇಕು. ನನ್ನ ಹೆಂಡತಿ ಅಂಗಡಿ ತೆಗೀಬೇಕು." ಅಷ್ಟು ಹೇಳಿ ಎದ್ದರು. ಆಮೆನ್ ಅಂದರೋ ಇಲ್ಲವೋ ನನಗೆ ನೆನಪಿಲ್ಲ.

ಆಮೇಲೆ ಬಂದವರು ಕೀರ್ತನೆ ಓದಲು ಬರಲಿಲ್ಲ, ಗಾಡಿ ತಂದರು. ಯೂತ್ ಫೆಲೋಶಿಪ್‌ನ ಹುಡುಗರು ಸರದಿ ಮಾಡಿಕೊಂಡರು. ದಸರಾ ಜಂಬೂ ಸವಾರಿ ದಿನ ಬನ್ನಿಮಂಟಪದ ಕಡೆಯ ರಸ್ತೆಗಳೆಲ್ಲ ಬಂದ್ ಅಂತ ಗೊತ್ತಾಗಿ, ಒಬ್ಬ ಹುಡುಗ ಮುಂಜಾನೆ ನಾಲ್ಕೂವರೆಗೇ ಬೈಕ್ ಹಾರ್ನ್ ಹೊಡೆದು ಬೀದಿಯನ್ನೆಲ್ಲ ಎಬ್ಬಿಸಿದ. ಸ್ತ್ರೀಯರ ಕೂಟದ ಒಬ್ಬ ಅಕ್ಕ ಆಲೂಗಡ್ಡೆಯನ್ನು ಹೆಚ್ಚಿ, ತುಂಬ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಪಲ್ಯ ಮಾಡುವುದನ್ನು ಕಲಿತರು. ಪೊಟ್ಯಾಸಿಯಂ ಒಂದಿಷ್ಟು ಹೋಗುತ್ತೆ. ರುಚಿಯೂ ಹೋಗುತ್ತೆ, ಆದರೆ ನಮ್ಮವರು ತಿನ್ನುತ್ತಾರೆ.

ಈಗ ಕಿಡ್ನಿ ಕಸಿಗೆ ಹೆಸರು ಬರೆಸಿದ್ದೇವೆ. ನನಗೆ ಶುಗರ್ ಇರುವುದರಿಂದ ನನ್ನದು ಆಗುವುದಿಲ್ಲ ಅಂದರು. ಮಗಳ ರಕ್ತದ ಗುಂಪು ಹೊಂದಲಿಲ್ಲ. ಉಳಿದದ್ದು ಸರ್ಕಾರದ ಜೀವಸಾರ್ಥಕತೆಯ ಪಟ್ಟಿ. ಯಾರಿಗೋ ಅಪಘಾತವಾಗಿ ಮೆದುಳು ನಿಷ್ಕ್ರಿಯವಾಗಿ, ಅವರ ಮನೆಯವರು ಒಪ್ಪಿಕೊಟ್ಟರೆ ಬರುವ ಕಿಡ್ನಿ. ಇಲ್ಲಿ ನನ್ನ ಪ್ರಾರ್ಥನೆ ಮತ್ತೆ ಸಿಕ್ಕಿಕೊಂಡಿತು. ಬೇಗ ಸಿಗಲಿ ಸ್ವಾಮಿ ಅಂತ ಬೇಡಿದರೆ ಯಾರದೋ ಮಗ ಬೇಗ ಸಾಯಲಿ ಅಂದಂತಲ್ವಾ? ಅಯ್ಯನವರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಮುಂದಿನ ಭಾನುವಾರ ಸಭೆಯ ಪ್ರಾರ್ಥನೆಯಲ್ಲಿ ಒಂದು ಸಾಲು ಸೇರಿಸಿದರು. ಇವತ್ತು ಆಸ್ಪತ್ರೆಯ ಬಾಗಿಲಲ್ಲಿ ಕೂತು ಕಷ್ಟದ ತೀರ್ಮಾನ ಮಾಡುತ್ತಿರುವ ಮನೆಗಳಿಗಾಗಿ, ಅಂತ. ಮನೆಯಲ್ಲೂ ಈಗ ಅದನ್ನೇ ಹೇಳುತ್ತೇವೆ. ನಮ್ಮವರು ಕಾನ್ಸೆಂಟ್ ಫಾರ್ಮ್ ಪ್ರಾರ್ಥನೆ ಅಂತ ಹೆಸರಿಟ್ಟಿದ್ದಾರೆ.

ಕಿಡ್ನಿಯನ್ನು ಹೊರಗೆ ಜಾಸ್ತಿ ಹೊತ್ತು ಇಡುವ ಹಾಗಿಲ್ಲ, ಅದಕ್ಕೇ ಫೋನ್ ಯಾವಾಗಲೂ ಆನ್ ಇರಬೇಕು. ಚರ್ಚಿನಲ್ಲಿ ಎಲ್ಲರ ಫೋನೂ ಬಂದ್, ನಮ್ಮದಕ್ಕೆ ಮಾತ್ರ ಮಾಫಿ. ಹೋದ ತಿಂಗಳು ಪ್ರಸಂಗದ ಮಧ್ಯೆ ಜೋರಾಗಿ ಹೊಡೆದುಕೊಂಡಿತು. ಅಯ್ಯನವರು ಮಾತು ನಿಲ್ಲಿಸಿದರು. ಇಡೀ ಸಭೆ ತಿರುಗಿ ನೋಡಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಕೈ ಮುಗಿದೇಬಿಟ್ಟರು. ನಮ್ಮವರು ನಡುಗುವ ಕೈಯಲ್ಲಿ ಫೋನ್ ಕಿವಿಗಿಟ್ಟು, ಸ್ವಲ್ಪ ಹೊತ್ತು ಕೇಳಿ, "ಬೇಡಮ್ಮ, ಲೋನ್ ಬೇಡ" ಅಂದರು.